ಹತ್ತು ಕಾರ್ಡ್‌ಗಳಿಗೆ ಒಂದೇ ತಲೆಬರಹ: ಲೈವ್‌ಕೋಡ್‌ನ ಹಂಚಿಕೆಯ ಫೀಲ್ಡ್ ಬಗ್ಗೆ

ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳನ್ನು ಪ್ರೌಢಶಾಲೆಯ ಮಕ್ಕಳಿಗೆ ಪರಿಚಯಿಸುವ ಪಾಠವೊಂದನ್ನು, ತಾಲ್ಲೂಕಿಗೊಂದು ಕಾರ್ಡ್‌ನಂತೆ, ಕಂಪ್ಯೂಟರಿನಲ್ಲಿ ಸಿದ್ಧಪಡಿಸಲು ನಾನು ಆರಿಸಿಕೊಂಡದ್ದು ಲೈವ್‌ಕೋಡ್ ಎಂಬ ತಂತ್ರಾಂಶವನ್ನು. ಚಿತ್ರ, ಧ್ವನಿ, ಬಟನ್, ಬರಹ ಇವೆಲ್ಲವನ್ನೂ ಕಾರ್ಡ್‌ಗಳ ಮೇಲೆ ಜೋಡಿಸಿ, ಕಾರ್ಡ್‌ಗಳ ಕಟ್ಟನ್ನು ಒಂದು ಸ್ಟ್ಯಾಕ್ ಎಂದು ಉಳಿಸುವ ಈ ಪದ್ಧತಿ ಹೊಸದೇನಲ್ಲ. ಬಿಲ್ ಅಟ್ಕಿನ್‌ಸನ್ ರೂಪಿಸಿದ ಹೈಪರ್‌ಕಾರ್ಡನ್ನು ಆಪಲ್ ಕಂಪನಿ 1987ರಲ್ಲಿಯೇ ಬಿಡುಗಡೆ ಮಾಡಿತ್ತು, ಲೈವ್‌ಕೋಡ್ ಅದೇ ವಂಶದ ಕುಡಿ. ಈ ವಿಮರ್ಶೆಯಲ್ಲಿ ತಂತ್ರಾಂಶದ ಎಲ್ಲ ಮುಖಗಳನ್ನೂ ಮುಟ್ಟುವ ಉದ್ದೇಶ ನನಗಿಲ್ಲ. ಪಾಠ ತಯಾರಿಸುವವರಿಗೆ ದಿನವೂ ಎದುರಾಗುವ ಒಂದು ಅಂಶವನ್ನು, ಅಂದರೆ ಹಲವು ಕಾರ್ಡ್‌ಗಳು ಒಂದೇ ಬರಹವನ್ನು ಹಂಚಿಕೊಳ್ಳುವ ಫೀಲ್ಡನ್ನು (ಬರಹ ತುಂಬುವ ಪೆಟ್ಟಿಗೆಯನ್ನು), ಸ್ವಲ್ಪ ವಿವರವಾಗಿ ನೋಡುತ್ತೇನೆ.

ಅಗತ್ಯ ಏನೆಂಬುದು ಈ ಪಾಠದಲ್ಲಿಯೇ ಸ್ಪಷ್ಟವಾಗುತ್ತದೆ. ತಿಪಟೂರಿನ ಕಾರ್ಡ್‌ನಲ್ಲಿ ಕೊಬ್ಬರಿ ಮಾರುಕಟ್ಟೆ, ಕುಣಿಗಲ್ಲಿನ ಕಾರ್ಡ್‌ನಲ್ಲಿ ಕುದುರೆ ಫಾರಂ, ಮಧುಗಿರಿಯ ಕಾರ್ಡ್‌ನಲ್ಲಿ ಏಕಶಿಲಾ ಬೆಟ್ಟ, ಪಾವಗಡದ ಕಾರ್ಡ್‌ನಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಎಂದು ವಿವರಣೆ ಬೇರೆ ಬೇರೆಯಾಗಿರಬೇಕು. ಆದರೆ ಮೇಲಿನ ತಲೆಬರಹ, ಕೆಳಗಿನ ಶಾಲೆಯ ಹೆಸರು, ತರಗತಿ ಮತ್ತು ಶೈಕ್ಷಣಿಕ ವರ್ಷ ಇವು ಹತ್ತರಲ್ಲಿಯೂ ಒಂದೇ. ಜೂನ್ ಬಂದು ವರ್ಷ ಬದಲಾದಾಗ ಒಂದು ಕಡೆ ತಿದ್ದಿದರೆ ಹತ್ತೂ ಕಡೆ ತಿದ್ದಿದಂತಾಗಬೇಕು. ಹಂಚಿಕೆಯ ಫೀಲ್ಡ್ ಇಲ್ಲದ ತಂತ್ರಾಂಶದಲ್ಲಿ ಪ್ರತಿ ಕಾರ್ಡ್‌ಗೂ ಹೋಗಿ ಬರೆಯುವುದೊಂದೇ ದಾರಿ, ಆಗ ಒಂದಲ್ಲ ಒಂದು ಕಾರ್ಡ್‌ನಲ್ಲಿ ಹಳೆಯ ವರ್ಷ ಹಾಗೆಯೇ ಉಳಿದುಬಿಡುತ್ತದೆ.

ಲೈವ್‌ಕೋಡ್ ಇದನ್ನು ಎರಡು ಹೆಜ್ಜೆಗಳಲ್ಲಿ ಸಾಧಿಸುತ್ತದೆ. ಮೊದಲು ಫೀಲ್ಡನ್ನು ಒಂದು ಗ್ರೂಪ್‌ಗೆ, ಅಂದರೆ ಒಟ್ಟಾಗಿ ನಿರ್ವಹಿಸುವ ಅಂಶಗಳ ಗುಂಪಿಗೆ ಸೇರಿಸಿ, ಆ ಗ್ರೂಪ್ ಹಿನ್ನೆಲೆಯಾಗಿ ವರ್ತಿಸುವಂತೆ ಗುಣಲಕ್ಷಣವನ್ನು ಬದಲಾಯಿಸಬೇಕು. ಹಾಗೆ ಮಾಡಿದ ಮೇಲೆ ಆ ಕಾರ್ಡ್‌ನಿಂದ ಮುಂದಕ್ಕೆ ಸೃಷ್ಟಿಸುವ ಹೊಸ ಕಾರ್ಡ್‌ಗಳಲ್ಲಿ ಆ ಗ್ರೂಪ್ ತಾನಾಗಿಯೇ ಬಂದು ಕೂರುತ್ತದೆ. ಆದರೆ ಬಂದು ಕೂರುವುದು ಚೌಕಟ್ಟು ಮಾತ್ರ, ಒಳಗಿನ ಬರಹವಲ್ಲ. ಬರಹವೂ ಬರಬೇಕಾದರೆ ಫೀಲ್ಡ್‌ನ ಶೇರ್ಡ್‌ಟೆಕ್ಸ್ಟ್ ಎಂಬ ಗುಣಲಕ್ಷಣವನ್ನು ಪ್ರತ್ಯೇಕವಾಗಿ ಆನ್ ಮಾಡಬೇಕು, ಏಕೆಂದರೆ ಹೊಸ ಫೀಲ್ಡ್‌ನಲ್ಲಿ ಅದು ಆಫ್ ಆಗಿರುತ್ತದೆ. ಮೊದಲ ಸಲ ಬಳಸುವವರು ಎರಡನೇ ಕಾರ್ಡ್‌ನಲ್ಲಿ ಖಾಲಿ ತಲೆಬರಹವನ್ನು ಕಂಡು ತಬ್ಬಿಬ್ಬಾಗುವುದು ಇಲ್ಲಿಯೇ. ಹಾಗಿದ್ದರೂ ಈ ಪೂರ್ವನಿಗದಿ ಸರಿಯೆಂದೇ ನನ್ನ ಅಭಿಪ್ರಾಯ. ಕಾರ್ಡ್ ಪದ್ಧತಿಯ ಮೂಲ ಬಳಕೆಯೇ ವಿಳಾಸ ಪುಸ್ತಕದಂಥದ್ದು, ಅಲ್ಲಿ ಚೌಕಟ್ಟು ಒಂದೇ ಆಗಿದ್ದು ಹೆಸರು ಮಾತ್ರ ಕಾರ್ಡಿನಿಂದ ಕಾರ್ಡಿಗೆ ಬದಲಾಗಬೇಕು.

ಎಲ್ಲ ಕಾರ್ಡ್‌ಗಳಿಗೂ ಅಲ್ಲದೆ ಕೆಲವಕ್ಕೆ ಮಾತ್ರ ಬರಹವನ್ನು ಹಂಚಬೇಕಾದಾಗ ಈ ವ್ಯವಸ್ಥೆಯ ಸೊಗಸು ತಿಳಿಯುತ್ತದೆ. ನಮ್ಮ ಕಂದಾಯ ಜಿಲ್ಲೆ ಒಂದೇ ಆದರೂ ಶೈಕ್ಷಣಿಕ ಜಿಲ್ಲೆಗಳು ಎರಡು. ಶಿರಾ, ಮಧುಗಿರಿ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ, ಉಳಿದ ಆರು ತುಮಕೂರಿಗೆ. ಈ ಒಂದು ಸಾಲಿಗಾಗಿ ಎರಡು ಪುಟ್ಟ ಗ್ರೂಪ್‌ಗಳನ್ನು ಮಾಡಿ, ಒಂದನ್ನು ನಾಲ್ಕು ಕಾರ್ಡ್‌ಗಳ ಮೇಲೆ, ಇನ್ನೊಂದನ್ನು ಆರು ಕಾರ್ಡ್‌ಗಳ ಮೇಲೆ ಇರಿಸಿದರೆ ಮುಗಿಯಿತು. ಮುಖ್ಯ ತಲೆಬರಹದ ಗ್ರೂಪ್ ತನ್ನ ಪಾಡಿಗೆ ಹತ್ತರಲ್ಲಿಯೂ ಇರುತ್ತದೆ. ಒಂದು ಕಾರ್ಡ್ ಎಷ್ಟು ಗ್ರೂಪ್‌ಗಳನ್ನು ಬೇಕಾದರೂ ಹೊರಬಲ್ಲದು ಎಂಬ ಈ ಸಡಿಲತೆ ನನಗೆ ಬಹಳ ಹಿಡಿಸಿತು.

ಕನ್ನಡದ ಮಟ್ಟಿಗೆ ಹೇಳುವುದಾದರೆ, 2014ರಲ್ಲಿ ಬಂದ ಏಳನೆಯ ಆವೃತ್ತಿಯಿಂದ ಯೂನಿಕೋಡ್‌ಗೆ, ಅಂದರೆ ಎಲ್ಲ ಲಿಪಿಗಳಿಗೂ ಒಂದೇ ಆದ ಅಕ್ಷರಸಂಕೇತ ವ್ಯವಸ್ಥೆಗೆ, ಬೆಂಬಲ ಪೂರ್ಣವಾಗಿದೆ. ಒತ್ತಕ್ಷರಗಳು ಸರಿಯಾಗಿಯೇ ಕೂರುತ್ತವೆ.

ನನ್ನ ಕೋರಿಕೆ ಬೇರೆಯದು. ಹಂಚಿಕೆಯ ಫೀಲ್ಡನ್ನು ಟೈಪಿಸಲಾಗದಂತೆ ಲಾಕ್ ಮಾಡದೆ ಬಿಟ್ಟರೆ ಯಾವ ಕಾರ್ಡ್‌ನಲ್ಲಿ ಬೇಕಾದರೂ ಅದನ್ನು ತಿದ್ದಬಹುದು, ತಿದ್ದಿದ್ದು ಆ ಕ್ಷಣವೇ ಎಲ್ಲ ಕಾರ್ಡ್‌ಗಳಿಗೂ ಅನ್ವಯಿಸುತ್ತದೆ. ಶಿರಾದ ಕಾರ್ಡ್ ತೆರೆದ ವಿದ್ಯಾರ್ಥಿನಿಯೊಬ್ಬಳು ಕಗ್ಗಲಡುವಿನ ಬಣ್ಣದ ಕೊಕ್ಕರೆಗಳ ವಿಷಯವನ್ನು ವಿವರಣೆಯ ಫೀಲ್ಡ್‌ಗೆ ಬದಲಾಗಿ ಕೆಳಗಿನ ಹಂಚಿಕೆಯ ಫೀಲ್ಡ್‌ನಲ್ಲಿ ಟೈಪಿಸಿದಳೆನ್ನಿ. ತಿಪಟೂರಿನ ಕೊಬ್ಬರಿಯ ಚಿತ್ರದ ಕೆಳಗೂ ಕೊಕ್ಕರೆಗಳು ಬಂದಿಳಿಯುತ್ತವೆ. ಅವಳ ಕಣ್ಣಿಗೆ ಎರಡೂ ಫೀಲ್ಡ್‌ಗಳು ಒಂದೇ ತೆರನಾದ ಬಿಳಿ ಪೆಟ್ಟಿಗೆಗಳು. ಅವುಗಳಲ್ಲಿ ಒಂದು ಊರಿಗೆಲ್ಲ ಸೇರಿದ್ದೆಂದು ಅವಳಿಗೆ ತಿಳಿಯುವ ಬಗೆ ಇಲ್ಲ.

ಹಳೆಯ ಹೈಪರ್‌ಕಾರ್ಡ್ ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿತ್ತು. ಅದರಲ್ಲಿ ಹಂಚಿಕೆಯ ಬರಹವನ್ನು ತಿದ್ದಬೇಕಾದರೆ ಮೊದಲು ಹಿನ್ನೆಲೆಯ ಪದರಕ್ಕೆ ಹೋಗಬೇಕಾಗಿತ್ತು. ಆ ಪದರದಲ್ಲಿರುವಷ್ಟು ಹೊತ್ತೂ ಮೆನು ಪಟ್ಟಿಯ ಅಂಚಿನಲ್ಲಿ ಓರೆಗೆರೆಗಳು ಕಾಣುತ್ತಿದ್ದವು. ಲೈವ್‌ಕೋಡ್‌ನಲ್ಲಿ ಗ್ರೂಪನ್ನು ತಿದ್ದುವ ಪ್ರತ್ಯೇಕ ಸ್ಥಿತಿ ಇದೆಯಾದರೂ ಹಂಚಿಕೆಯ ಬರಹವನ್ನು ಬದಲಿಸಲು ಅದನ್ನು ಪ್ರವೇಶಿಸಲೇಬೇಕೆಂಬ ನಿಯಮವಿಲ್ಲ. ಶೇರ್ಡ್‌ಟೆಕ್ಸ್ಟ್ ಆನ್ ಮಾಡಿದ ಕೂಡಲೇ ಫೀಲ್ಡ್ ತಾನಾಗಿ ಲಾಕ್ ಆಗಬೇಕು, ಬೇಕೆಂದವರು ಮಾತ್ರ ಅದನ್ನು ತೆರೆಯುವಂತಿರಬೇಕು. ಜೊತೆಗೆ ತಿದ್ದುವಾಗ ಹಂಚಿಕೆಯ ಫೀಲ್ಡ್‌ನ ಅಂಚಿಗೆ ಬೇರೆ ಬಣ್ಣವೊಂದು ಕಾಣಿಸಬೇಕು. ನಾನು ಕೇಳುವುದು ಇಷ್ಟನ್ನೇ. ಎಲ್ಲ ಫೀಲ್ಡ್‌ಗಳನ್ನೂ ಪರಿಶೀಲಿಸಿ ಹಂಚಿಕೆಯವನ್ನು ಲಾಕ್ ಮಾಡುವ ನಾಲ್ಕಾರು ಸಾಲಿನ ಸ್ಕ್ರಿಪ್ಟನ್ನು (ತಂತ್ರಾಂಶಕ್ಕೆ ಕೊಡುವ ಆದೇಶಗಳ ಬರಹವನ್ನು) ಯಾರು ಬೇಕಾದರೂ ಬರೆದುಕೊಳ್ಳಬಹುದು, ಭಾಷೆ ಅಷ್ಟು ಸರಳವಾಗಿದೆ. ಆದರೆ ಸ್ಕ್ರಿಪ್ಟ್ ಬರೆಯಬಲ್ಲ ಶಿಕ್ಷಕರಿಗೆ ಈ ರಕ್ಷಣೆ ಬೇಕಾಗುವುದೇ ಕಡಿಮೆ.

ಕೊನೆಗೆ ಹಣದ ಮಾತು. 2013ರಲ್ಲಿ ಜನರ ದೇಣಿಗೆಯ ನೆರವಿನಿಂದ ಲೈವ್‌ಕೋಡ್‌ನ ಮುಕ್ತ ಆಕರ ಆವೃತ್ತಿ ಉಚಿತವಾಗಿ ದೊರೆಯುವಂತಾಯಿತು, 2021ರಲ್ಲಿ ಲೈವ್‌ಕೋಡ್ ಕಂಪನಿ ಅದನ್ನು ನಿಲ್ಲಿಸಿತು. ಈಗ ಹೊಸ ಆವೃತ್ತಿ ಬೇಕೆಂದರೆ ಪರವಾನಗಿಯ ಶುಲ್ಕವನ್ನು ನೋಡಿಕೊಂಡು ಮುಂದುವರಿಯಬೇಕು, ಸರ್ಕಾರಿ ಶಾಲೆಗೆ ಅದು ಹಗುರವಾದ ವಿಷಯವಲ್ಲ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಲು ಬಿಡುವ ಜಿಪಿಎಲ್ ಪರವಾನಗಿಯಡಿ ಹೊರಬಂದ ಹಳೆಯ ಮೂಲಸಂಕೇತವನ್ನು ಹಿಡಿದು ಓಪನ್‌ಎಕ್ಸ್‌ಟಾಕ್ ಎಂಬ ಹೆಸರಿನಲ್ಲಿ ಸ್ವಯಂಸೇವಕರು ಕೆಲಸ ಮುಂದುವರಿಸಿದ್ದಾರೆ. ಹತ್ತು ಕಾರ್ಡ್‌ಗಳ ಪಾಠಕ್ಕೆ ಅದು ಧಾರಾಳವಾಗಿ ಸಾಕು, ಮತ್ತು ಅಂಚಿನ ಬಣ್ಣದ ಕೋರಿಕೆಯನ್ನು ಕಂಪನಿಗಿಂತ ಮೊದಲು ಅವರ ಮುಂದೆಯೇ ಇಡುವುದು ಹೆಚ್ಚು ಫಲಕಾರಿಯೆಂದು ನನಗೆ ತೋರುತ್ತದೆ.