ವಿಂಗೆಟ್, ರಸ್ಟ್‌ಡೆಸ್ಕ್ ಮತ್ತು ಹನ್ನೊಂದು ಕಂಪ್ಯೂಟರ್: ಬಾಗಲಕೋಟೆಯಿಂದ ಎರಡು ವರ್ಷದ ಬಳಕೆ

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ನಾನು ನೋಡಿಕೊಳ್ಳುವ ಕಂಪ್ಯೂಟರುಗಳು ಇಳಕಲ್, ಗುಳೇದಗುಡ್ಡ, ಜಮಖಂಡಿ ಕಡೆ ಹರಡಿಕೊಂಡಿವೆ. ಸೀರೆ ಅಂಗಡಿ, ಖಣದ ವ್ಯಾಪಾರ, ಒಂದು ಗೊಬ್ಬರದ ಅಂಗಡಿ, ಎಲ್ಲ ಸೇರಿ ಹನ್ನೊಂದು. ಬಿಲ್ ಪ್ರಿಂಟ್ ಆಗಲಿಲ್ಲ ಅಂದರೆ ನನಗೇ ಫೋನ್. ಪ್ರತಿ ಸಲ ಬಸ್ ಹತ್ತಿ ಹೋದರೆ ದಿನವೆಲ್ಲ ಅದರಲ್ಲೇ ಮುಗಿಯುತ್ತದೆ.

ಮೊದಲು ಬೇರೆ ಒಂದು ರಿಮೋಟ್ ಸಾಫ್ಟ್‌ವೇರ್, ಅಂದರೆ ದೂರದ ಕಂಪ್ಯೂಟರನ್ನು ಇಲ್ಲಿಂದಲೇ ನಡೆಸುವಂಥದ್ದು, ಪುಕ್ಕಟೆ ಬಳಸುತ್ತಿದ್ದೆ. ಇದು ವ್ಯಾಪಾರದ ಬಳಕೆ ಅಂತ ಅದು ಹಿಡಿದುಬಿಟ್ಟಿತು. ಕೆಲಸದ ನಡುವೆಯೇ ಸಂಪರ್ಕ ಕಡಿಯತೊಡಗಿತು. ಅದರ ತಪ್ಪೇನಿಲ್ಲ ಬಿಡಿ. ಆಗ ರಸ್ಟ್‌ಡೆಸ್ಕ್‌ಗೆ ಬಂದೆ. ಇದೂ ಅದೇ ಕೆಲಸದ್ದು, ಆದರೆ ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿದೆ. ಬೇಕಿದ್ದರೆ ಎರಡೂ ಕಡೆಯನ್ನು ಕೂಡಿಸುವ ಸರ್ವರ್ ಕೂಡ ನಮ್ಮದೇ ಇಟ್ಟುಕೊಳ್ಳಬಹುದು.

ಆದರೆ ಹನ್ನೊಂದು ಕಡೆ ಅದನ್ನು ಹಾಕಿಸುವುದು ಹೇಗೆ? ಫೋನಿನಲ್ಲಿ ‘ಹುಡುಕಿ ಡೌನ್‌ಲೋಡ್ ಮಾಡ್ರಿ’ ಅಂದರೆ ಮುಗಿಯಿತು. ಜಾಹೀರಾತಿನ ಹಸಿರು ಬಟನ್ ಒತ್ತಿ ಏನೇನೋ ಇಳಿಸಿಕೊಳ್ಳುತ್ತಾರೆ. ಒಂದು ಅಂಗಡಿಯಲ್ಲಿ ಹಾಗೇ ಆಯಿತು. ಬ್ರೌಸರ್ ಸ್ವಚ್ಛ ಮಾಡಲು ಬಸ್ಸಿಗೇ ಹೋಗಬೇಕಾಯಿತು.

ಅಲ್ಲಿಂದ ವಿಂಗೆಟ್ ಹಿಡಿದೆ. ಇದು ವಿಂಡೋಸ್‌ನದೇ ಪ್ಯಾಕೇಜ್ ಮ್ಯಾನೇಜರ್, ಅಂದರೆ ಆಜ್ಞೆ ಕೊಟ್ಟರೆ ಸಾಫ್ಟ್‌ವೇರ್ (ಇದರ ಮಾತಿನಲ್ಲಿ ಪ್ಯಾಕೇಜ್) ಇಳಿಸಿ ಹಾಕುವ, ಅಪ್‌ಗ್ರೇಡ್ ಮಾಡುವ ಸಾಧನ. ಮೊದಲ ಪೂರ್ಣ ಆವೃತ್ತಿ ಬಂದದ್ದು 2021ರಲ್ಲಿ. ವಿಂಡೋಸ್ 11ರಲ್ಲಿ, ಅಪ್‌ಡೇಟ್ ಆಗಿರುವ ವಿಂಡೋಸ್ 10ರಲ್ಲಿ ಸಾಮಾನ್ಯವಾಗಿ ಇರುತ್ತದೆ. ಆಜ್ಞೆ ಬರೆಯುವ ಕಪ್ಪು ಕಿಟಕಿ ತೆಗೆಸಿ ಫೋನಿನಲ್ಲೇ ಒಂದೇ ಸಾಲು ಬರೆಸುತ್ತೇನೆ: ವಿಂಗೆಟ್ ಇನ್‌ಸ್ಟಾಲ್, ರಸ್ಟ್‌ಡೆಸ್ಕ್ ಡಾಟ್ ರಸ್ಟ್‌ಡೆಸ್ಕ್.

‘ಸರ, ಎರಡ್ ಸಲ ಬರೀಬೇಕೇನ್ರೀ?’

‘ಹೌದ್ರೀ, ನಡುವ ಒಂದ್ ಚುಕ್ಕಿ.’

ಮೊದಲ ಸಲ ಷರತ್ತು ಒಪ್ಪುತ್ತೀರಾ ಅಂತ ಕೇಳುತ್ತದೆ. ವೈ ಒತ್ತಿದರೆ ಆಯಿತು. ಫೈಲ್ ಎಲ್ಲಿಂದ ತರಬೇಕು, ಅದರ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ) ಎಷ್ಟು ಅನ್ನುವುದು ಪ್ಯಾಕೇಜಿನ ವಿವರದಲ್ಲೇ ಬರೆದಿರುತ್ತದೆ. ಇಳಿದ ಫೈಲಿನ ಹ್ಯಾಶ್ ಹೊಂದದಿದ್ದರೆ ಇನ್‌ಸ್ಟಾಲ್ ನಿಲ್ಲುತ್ತದೆ. ರಿಮೋಟ್ ಸಾಫ್ಟ್‌ವೇರ್ ಅಂದರೆ ಮನೆಯ ಕೀಲಿಕೈ ಕೊಟ್ಟ ಹಾಗೆ. ಹೀಗಾಗಿ ಈ ತಪಾಸಣೆ ನನಗೆ ದೊಡ್ಡದು.

ಇನ್‌ಸ್ಟಾಲ್ ವಿಷಯದಲ್ಲಿ ಇಷ್ಟೇ, ತಂಟೆ ಇಲ್ಲ. ತಂಟೆ ಇರುವುದೆಲ್ಲ ಅಪ್‌ಗ್ರೇಡ್‌ನಲ್ಲಿ.

ಪಂಚಮಿ ಹಬ್ಬಕ್ಕೆ ಎರಡು ದಿನ ಇತ್ತು. ಇಳಕಲ್‌ನ ಸೀರೆ ಅಂಗಡಿಗೆ ಅದೇ ಸೀಜನ್. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮನೆಯಿಂದ ಕನೆಕ್ಟ್ ಆದೆ. ಏಳೆಂಟು ಪ್ಯಾಕೇಜ್ ಹಳೆಯವಾಗಿದ್ದವು. ಸುಮ್ನೆ ಎಲ್ಲವನ್ನೂ ಒಟ್ಟಿಗೆ ಅಪ್‌ಗ್ರೇಡ್ ಮಾಡು ಅಂತ ಆಜ್ಞೆ ಕೊಟ್ಟೆ. ಬ್ರೌಸರ್ ಆಯಿತು, ಪಿಡಿಎಫ್ ರೀಡರ್ ಆಯಿತು. ಆಮೇಲೆ ರಿಮೋಟ್ ಸಾಫ್ಟ್‌ವೇರ್ ಸರದಿ. ಹಳೆಯದನ್ನು ತೆಗೆಯಲು ನಾನೇ ಯೆಸ್ ಒತ್ತಿದೆ. ಪರದೆ ನಿಂತಿತು. ಹೊಸದಕ್ಕೆ ಯೆಸ್ ಒತ್ತಲು ಅಂಗಡಿಯೊಳಗೆ ಯಾರೂ ಇರಲಿಲ್ಲ. ಕೂತ ಕೊಂಬೆಯನ್ನೇ ಕಡಿದಿದ್ದೆ.

ಬೆಳಿಗ್ಗೆ ಯಜಮಾನರ ಫೋನ್. ‘ಸರ, ಏನೋ ಕೇಳಾಕತ್ತಿತ್ರೀ. ನಮ್ಮ ಹುಡುಗ ನೋ ಅಂತ ಒತ್ಯಾನ.’

ಗಿರಾಕಿಗಳ ಗದ್ದಲದಲ್ಲಿ ಅವರಿಂದ ಮತ್ತೆ ಆ ಸಾಲು ಬರೆಸುವಷ್ಟರಲ್ಲಿ ಮಧ್ಯಾಹ್ನ. ಯಾವ ರಿಮೋಟ್ ಸಾಫ್ಟ್‌ವೇರ್ ಇದ್ದರೂ ಹೀಗೇ ಆಗಬಹುದಿತ್ತು. ತಪ್ಪು ಪೂರ್ತಿ ನನ್ನದು.

ಈಗ ನಾನು ಮಾಡುವುದು ಬೇರೆ. ವಿಂಗೆಟ್‌ನಲ್ಲಿ ಪಿನ್ ಅನ್ನುವ ಸೌಲಭ್ಯ ಇದೆ. ಪಿನ್ ಮಾಡಿದ ಪ್ಯಾಕೇಜನ್ನು ‘ಎಲ್ಲವನ್ನೂ ಅಪ್‌ಗ್ರೇಡ್ ಮಾಡು’ ಅಂದಾಗ ಅದು ಮುಟ್ಟುವುದಿಲ್ಲ. ಹೆಸರು ಹೇಳಿ ಕೇಳಿದರೆ ಮಾತ್ರ ಮಾಡುತ್ತದೆ. ವಿಂಗೆಟ್ ಇರುವ ಎಲ್ಲ ಕಡೆ ರಸ್ಟ್‌ಡೆಸ್ಕ್‌ಗೆ ಪಿನ್ ಹಾಕಿದ್ದೇನೆ. ಹೊಸ ಆವೃತ್ತಿ ಬಂದರೆ ಮೊದಲು ನನ್ನ ಲ್ಯಾಪ್‌ಟಾಪ್‌ಗೆ. ಒಂದು ವಾರ ನೋಡುತ್ತೇನೆ. ಆಮೇಲೆ ಅಂಗಡಿಯ ಕಂಪ್ಯೂಟರಿನ ಟಾಸ್ಕ್ ಶೆಡ್ಯೂಲರ್‌ನಲ್ಲಿ, ಹೇಳಿದ ಹೊತ್ತಿಗೆ ಕೆಲಸ ತಾನೇ ಶುರುಮಾಡುವ ಸೌಲಭ್ಯದಲ್ಲಿ, ಅಪ್‌ಗ್ರೇಡ್ ಕೆಲಸ ಇಟ್ಟು ಹೊರಗೆ ಬರುತ್ತೇನೆ. ಅದಕ್ಕೆ ಅಡ್ಮಿನ್ ಹಕ್ಕು ಕೊಟ್ಟಿರಬೇಕು, ಷರತ್ತು ಒಪ್ಪಿಗೆಯನ್ನೂ ಆಜ್ಞೆಯಲ್ಲೇ ಸೇರಿಸಿರಬೇಕು. ಇಲ್ಲದಿದ್ದರೆ ಯಾರೋ ಯೆಸ್ ಒತ್ತಲಿ ಅಂತ ಕಾಯುತ್ತಾ ಕೂರುತ್ತದೆ. ಮಧ್ಯಾಹ್ನ ಎರಡೂವರೆಗೆ, ಗಿರಾಕಿ ಕಡಿಮೆ ಇರುವ ಹೊತ್ತಿಗೆ, ಅದು ತಾನೇ ನಡೆಯುತ್ತದೆ. ನಾನು ಒಳಗಿಲ್ಲ, ಆದರೆ ಅಂಗಡಿಯಲ್ಲಿ ಜನ ಇರುತ್ತಾರೆ. ಹತ್ತು ನಿಮಿಷ ಬಿಟ್ಟು ಕನೆಕ್ಟ್ ಮಾಡಿದರೆ ಹೊಸ ಆವೃತ್ತಿ. ಐಡಿ ಅದೇ, ಪಾಸ್‌ವರ್ಡ್ ಅದೇ.

ಗುಳೇದಗುಡ್ಡದ ಒಂದು ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಉಬುಂಟು ಲಿನಕ್ಸ್ ಇದೆ. ಅಲ್ಲಿ ಡೆಬ್ ಫೈಲ್ (ಉಬುಂಟುವಿನ ಇನ್‌ಸ್ಟಾಲ್ ಫೈಲ್) ಇಳಿಸಿ, ಅದರದೇ ಪ್ಯಾಕೇಜ್ ಮ್ಯಾನೇಜರ್ ಆದ ಆಪ್ಟ್‌ನಿಂದ ಹಾಕಿದೆ. ಬೇಕಾದ ಲೈಬ್ರರಿಗಳನ್ನು ಅದೇ ತಂದುಕೊಂಡಿತು. ಇನ್ನು ಅಪ್‌ಗ್ರೇಡ್ ಕೂಡ ತಾನೇ ಬರುತ್ತದೆ ಅಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿದ್ದೆ. ಬರಲಿಲ್ಲ. ಹಾಗೆ ಕೈಯಾರೆ ಹಾಕಿದ ಫೈಲಿನ ಹಿಂದೆ ರೆಪಾಸಿಟರಿ, ಅಂದರೆ ಹೊಸ ಆವೃತ್ತಿ ಸಿಗುವ ಉಗ್ರಾಣ, ಇರುವುದಿಲ್ಲ ಅಲ್ವಾ, ಆಪ್ಟ್ ಎಲ್ಲಿಂದ ತರಬೇಕು? ಪ್ರತಿ ಸಲ ಹೊಸ ಫೈಲ್ ನಾನೇ ಹಾಕುತ್ತೇನೆ. ಅಲ್ಲೇ ಲಾಗಿನ್ ಆಗುವಾಗ, ಪರದೆಯ ಚಿತ್ರ ಮೂಡಿಸುವ ಎರಡು ವ್ಯವಸ್ಥೆಗಳಲ್ಲಿ ವೇಲ್ಯಾಂಡ್ ಬಿಟ್ಟು ಎಕ್ಸ್‌ಆರ್ಗ್ ಆರಿಸಿದ್ದೇನೆ. ವೇಲ್ಯಾಂಡ್‌ನಲ್ಲಿ ಪರದೆ ತೋರಿಸಲು ಆ ಕಡೆ ಕೂತವರು ಅನುಮತಿ ಒತ್ತಬೇಕು, ಅಲ್ಲಿ ಕೂರುವ ಅಜ್ಜಾರಿಗೆ ಅದು ಒಗ್ಗಲಿಲ್ಲ.

ವಿಂಗೆಟ್‌ನಲ್ಲಿ ನನಗೆ ಕೊರತೆ ಅನಿಸುವುದು ಒಂದೇ. ತಾನಾಗಿ ಏನೂ ಮಾಡುವುದಿಲ್ಲ. ನಾವು ಕೇಳಿದಾಗಲೇ ಹಳೆಯದು ಯಾವುದು ಅಂತ ಹೇಳುತ್ತದೆ. ತಿಂಗಳ ಮೊದಲ ಸೋಮವಾರ ಅಂತ ನಾನೇ ಲೆಕ್ಕ ಇಟ್ಟುಕೊಂಡಿದ್ದೇನೆ.

ಜಮಖಂಡಿಯ ಗೊಬ್ಬರದ ಅಂಗಡಿಯಲ್ಲಿ ಮಾತ್ರ ಇನ್ನೂ ವಿಂಡೋಸ್ 7. ಅದರಲ್ಲಿ ವಿಂಗೆಟ್ ನಡೆಯುವುದಿಲ್ಲ. ಅಲ್ಲಿಗೆ ಈಗಲೂ ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಬಸ್ಸಿಗೇ ಹೋಗುತ್ತೇನೆ.