ಮುಂದಿನ ಹಲ್ಲಿಗೆ ರೂಟ್ ಕೆನಾಲ್ ಮಾಡಿಸೋರು ದಯವಿಟ್ಟು ಓದಿ, ನನ್ನ ಹಲ್ಲು ಕಪ್ಪಾಗಿಹೋಯ್ತು

ದಾವಣಗೆರೆಯಲ್ಲಿ ಯಾರಿಗಾದ್ರೂ ಮೇಲಿನ ಮುಂದಿನ ಹಲ್ಲಿಗೆ ರೂಟ್ ಕೆನಾಲ್ ಆಗ್ಬೇಕು ಅಂದಿದ್ರೆ, ಕುರ್ಚಿಗೆ ಒರಗೋಕೆ ಮುಂಚೆ ಇದನ್ನ ಓದ್ಬಿಡಿ. ಕ್ಲಿನಿಕ್ ಹೆಸರು ಹಾಕ್ತಿಲ್ಲ, ಯಾಕಂದ್ರೆ ನನ್ನ ಹತ್ರ ಬಿಲ್ ಇಲ್ಲ, ಕೇಳ್ಬೇಕಾದಾಗ ಕೇಳ್ಲಿಲ್ಲ.

ಹೋದ ವರ್ಷ ಜೂನ್‌ನಲ್ಲಿ ನಿಟ್ಟುವಳ್ಳಿ ಕಡೆ ಹಂಪ್ ಕಾಣದೆ ಸ್ಕೂಟಿಯಿಂದ ಬಿದ್ದೆ, ಬಾಯಿಗೆ ಏಟು ಬಿತ್ತು. ಹಲ್ಲು ಮುರೀಲಿಲ್ಲ. ಎರಡು ತಿಂಗಳಾದ್ಮೇಲೆ ಅದೇ ಹಲ್ಲಿನ ಮೇಲೆ ಒಸಡಲ್ಲಿ ಗುಳ್ಳೆ ಎದ್ದು ಕೀವು ಬರೋಕೆ ಶುರುವಾಯ್ತು. ಮನೆ ಹತ್ರದ ಕ್ಲಿನಿಕ್‌ಗೆ ಹೋದೆ, ನರ ಸತ್ತಿದೆ, ಆರ್‌ಸಿಟಿ (ಅದೇ ರೂಟ್ ಕೆನಾಲ್, ಸತ್ತ ನರ ತೆಗೆದು ಬೇರೊಳಗೆ ತುಂಬೋದು) ಮಾಡ್ಬೇಕು, 4500 ಆಗುತ್ತೆ ಅಂದ್ರು. ಇವೆಲ್ಲ ಹೆಂಗೆ ನಡೆಯುತ್ತೆ ನಿಮಗೂ ಗೊತ್ತಲ್ಲ, ಮೂರು ಸಲ ಕರೆಸಿದ್ರು, ಪ್ರತಿ ಸಲನೂ ಕೌಂಟರ್‌ನಲ್ಲಿ ಒಂದಿಷ್ಟು ಕ್ಯಾಶ್, ಒಂದಿಷ್ಟು ಫೋನ್‌ಪೇ, ಅದೂ ಯಾರದೋ ಪರ್ಸನಲ್ ನಂಬರ್‌ಗೆ. ನಾನು ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟ್ರೇ, ಇದು ಮುಂದಿನ ಹಲ್ಲು, ಬಣ್ಣ ಏನೂ ಹೋಗಲ್ಲ ಅಲ್ವಾ?" "ಏನೂ ಆಗಲ್ಲ ಮೇಡಂ, ಕ್ಯಾಪ್ ಕೂಡ ಬೇಡ, ಹಿಂದ್ಗಡೆ ಒಂದು ಫಿಲ್ಲಿಂಗ್ ಹಾಕಿದ್ರೆ ಮುಗೀತು" ಅಂದ್ರು. ನಂಬಿದೆ.

ದೀಪಾವಳಿಗೆ ಹರಿಹರಕ್ಕೆ ಹೋದಾಗ ನಮ್ಮತ್ತೆ ನನ್ನ ಗಲ್ಲ ಹಿಡಿದು "ಇದ್ಯಾಕವ್ವಾ ಒಂದು ಹಲ್ಲು ಮಂಕಾಗೈತಿ" ಅಂದ್ರು. ಲೈಟಿಂಗ್ ಇರ್ಬೇಕು ಅಂದ್ಕೊಂಡೆ. ಡಿಸೆಂಬರ್ ಹೊತ್ತಿಗೆ ಅಂದ್ಕೊಳ್ಳೋಕೆ ಏನೂ ಉಳೀಲಿಲ್ಲ, ಒಸಡಿನ ಹತ್ರ ಸ್ಲೇಟಿನ ಬಣ್ಣ, ಕೆಳಗೆ ಬರ್ತಾ ಬೂದಿ ಬಣ್ಣ, ಪಕ್ಕದ ಹಲ್ಲು ಬೆಳ್ಳಗೆ. ನಾನು ಎರಡನೇ ಕ್ಲಾಸ್ ಮಕ್ಕಳಿಗೆ ಪಾಠ ಮಾಡೋಳು, ದಿನಾ ಐದು ಗಂಟೆ ಬಾಯಿ ತೆಗೆದೇ ಇರ್ಬೇಕು. ಒಂದು ಶನಿವಾರ ಡ್ರಾಯಿಂಗ್ ಪೀರಿಯಡ್‌ನಲ್ಲಿ ಒಂದು ಹುಡುಗಿ "ನಮ್ಮ ಮಿಸ್" ಅಂತ ಚಿತ್ರ ಬರೆದು ತಂದ್ಲು. ಹಸಿರು ಸೀರೆ, ಜಡೆ, ಹೂವು, ನಗೋ ಬಾಯಿ, ಬಾಯಲ್ಲಿ ಸಾಲಾಗಿ ಹಲ್ಲು. ಒಂದು ಹಲ್ಲನ್ನ ಮಾತ್ರ ಪೆನ್ಸಿಲ್‌ನಲ್ಲಿ ಒತ್ತಿ ಒತ್ತಿ ತುಂಬಿದ್ಲು. ಆ ಮಗು ಏನೂ ಕೆಟ್ಟದ್ದು ಅಂದ್ಕೊಂಡು ಬರೆದಿದ್ದಲ್ಲ, ಕಂಡಿದ್ದನ್ನ ಬರೆದಿದೆ. ನಾನು ವೆರಿ ಗುಡ್ ಹಾಕಿ ಕೊಟ್ಟು ಸ್ಟಾಫ್ ರೂಮಿಗೆ ಹೋಗಿ ಅತ್ತೆ. ಅವತ್ತಿಂದ ನಗುವಾಗ ಕೈ ತಾನಾಗೇ ಬಾಯಿಗೆ ಹೋಗುತ್ತೆ.

ಅವತ್ತೇ ಸಂಜೆ ಕ್ಲಿನಿಕ್‌ಗೆ ಹೋದೆ. ಮೊದಲನೇ ಪ್ರಶ್ನೆ, "ಟೀ ಜಾಸ್ತಿ ಕುಡಿತೀರಾ ಮೇಡಂ?" ಟೀ ಕುಡಿದ್ರೆ ಒಂದೇ ಹಲ್ಲು ಕಪ್ಪಾಗುತ್ತಾ? ಅದಾದ್ಮೇಲೆ "ಎಲೆ ಅಡಿಕೆ?" ಅಂದ್ರು. ಇಲ್ಲ ಅಂದೆ. "ಹಂಗಾದ್ರೆ ಕ್ಲೀನಿಂಗ್ ಮಾಡ್ಸಿ, ಹೋಗುತ್ತೆ" ಅಂದು 900 ರೂಪಾಯಿ ತಗೊಂಡು ಅರ್ಧ ಗಂಟೆ ಕ್ಲೀನ್ ಮಾಡಿದ್ರು. ಆಮೇಲೆ ಕೈಗೆ ಕನ್ನಡಿ ಕೊಟ್ರು ನೋಡಿ, ಆ ಕನ್ನಡಿ ನಾನು ಸಾಯೋವರೆಗೂ ಮರೆಯಲ್ಲ. ಬೇರೆ ಹಲ್ಲೆಲ್ಲ ಇನ್ನೂ ಬೆಳ್ಳಗಾಗಿ, ಆ ಒಂದು ಹಲ್ಲು ಮೊದಲಿಗಿಂತ ಎದ್ದು ಕಾಣ್ತಿತ್ತು. ಬಣ್ಣ ಇರೋದು ಹಲ್ಲಿನ ಒಳಗಡೆ, ಇವರು ಉಜ್ಜಿದ್ದು ಹೊರಗಡೆ. ಕಲಿತ ಡಾಕ್ಟರ್‌ಗೆ ಇದು ಗೊತ್ತಿರ್ಲಿಲ್ವಾ? ಗೊತ್ತಿದ್ದೇ 900 ತಗೊಂಡ್ರು ಅಂತ ನನಗೆ ಹೊಳೆದಿದ್ದು ಆ ಕನ್ನಡಿ ಹಿಡ್ಕೊಂಡಾಗಲೇ. ನಾನು ಮಾತಾಡೋಕೆ ಮುಂಚೆ ಅವರೇ, "ಆರ್‌ಸಿಟಿ ಆದ ಹಲ್ಲು ಸತ್ತ ಹಲ್ಲು ಮೇಡಂ, ಕಪ್ಪಾಗೋದು ಕಾಮನ್, ಕ್ಯಾಪ್ ಹಾಕ್ಸಿ, 8000, ಹತ್ತು ವರ್ಷ ವಾರಂಟಿ ಕಾರ್ಡ್ ಕೊಡ್ತೀವಿ." ಆಗಸ್ಟಲ್ಲಿ ಏನೂ ಆಗಲ್ಲ, ಡಿಸೆಂಬರಲ್ಲಿ ಕಾಮನ್!

ನಮ್ಮೂರಲ್ಲಿ ಎರಡು ಡೆಂಟಲ್ ಕಾಲೇಜ್ ಇಟ್ಕೊಂಡು ನಾನ್ಯಾಕೆ ಇಲ್ಲಿ ಬಿದ್ದೆ ಅಂತ ಬೈಕೊಂಡು ಒಂದು ಕಾಲೇಜ್ ಓಪಿಡಿಗೆ ಹೋದೆ. ಬೆಳಿಗ್ಗೆ ಚೀಟಿ ಮಾಡ್ಸಿ ಕಾದಿದ್ದು ಎರಡು ಗಂಟೆ, ಆದ್ರೆ ಅಲ್ಲಿ ಪಿಜಿ ಓದ್ತಿರೋ ಡಾಕ್ಟರ್ ಹುಡುಗಿ ಎಕ್ಸ್‌ರೇನ ಸ್ಕ್ರೀನ್ ಮೇಲೆ ಹಾಕಿ ಬೆರಳಿಟ್ಟು ತೋರಿಸಿದ್ಲು. ಬೇರಿನ ಒಳಗೆ ತುಂಬೋ ಗಟ್ಟಾ ಪರ್ಚಾ ಅನ್ನೋ ರಬ್ಬರ್ ಕಡ್ಡಿ, ಅದನ್ನ ಅಂಟಿಸೋ ಸೀಲರ್ ಅನ್ನೋ ಸಿಮೆಂಟ್, ಎರಡೂ ಬೇರಲ್ಲೇ ನಿಲ್ಬೇಕು, ಒಸಡಿನ ಗೆರೆಗಿಂತ ಒಂದೆರಡು ಮಿಲಿಮೀಟರ್ ಒಳಗೇ ಕತ್ತರಿಸಿ, ಮೇಲಿನ ಗೂಡನ್ನ ಚೆನ್ನಾಗಿ ಒರೆಸಿ ಆಮೇಲೆ ಫಿಲ್ಲಿಂಗ್ ಹಾಕ್ಬೇಕಂತೆ. ನನ್ನದರಲ್ಲಿ ಹೊರಗೆ ಕಾಣೋ ಹಲ್ಲಿನ ಅರ್ಧದವರೆಗೂ ಅದನ್ನ ತುಂಬಿ ಬಿಟ್ಟಿದ್ರು. ಹಲ್ಲಿನ ಒಳಗಡೆ ಕಣ್ಣಿಗೆ ಕಾಣದಂಥ ಸಾವಿರಾರು ಕೊಳವೆ ಇರ್ತಾವಂತೆ, ಸೀಲರ್ ಅಲ್ಲಿ ಇಳಿದು ದಿನ ಕಳೆದಂಗೆ ಬಣ್ಣ ಬಿಡುತ್ತೆ. ಕೆಲವು ಸೀಲರ್‌ಗಳಲ್ಲಿ ಬೆಳ್ಳಿ ಅಂಶ ಇರುತ್ತೆ, ಅದಾಗಿದ್ರೆ ಬ್ಲೀಚ್‌ಗೂ ಪೂರ್ತಿ ಬಗ್ಗಲ್ಲ ಅಂದ್ಲು. ಏಟು ಬಿದ್ದು ರಕ್ತ ಒಳಗೆ ಇಳಿದ್ರೂ ಹಲ್ಲು ಕಪ್ಪಾಗುತ್ತೆ, ಅದಿರಬಹುದಾ ಅಂತಾನೂ ಕೇಳಿದ್ಲು, ನಾನು ಆಗಸ್ಟ್ 15ರ ಧ್ವಜಾರೋಹಣದ ಫೋಟೋ ತೋರಿಸಿದೆ, ಬಿದ್ದು ಎರಡು ತಿಂಗಳಾದ ಮೇಲಿಂದು, ಟ್ರೀಟ್‌ಮೆಂಟ್‌ಗೆ ಒಂದು ವಾರ ಮುಂಚಿಂದು, ಹಲ್ಲು ಬೆಳ್ಳಗೇ ಇತ್ತು.

ಆ ಎಕ್ಸ್‌ರೇ ಫೋಟೋ ಹಿಡ್ಕೊಂಡು ಮತ್ತೆ ಕ್ಲಿನಿಕ್‌ಗೆ ಹೋದೆ. ಯಾವ ಸೀಲರ್ ಹಾಕಿದ್ರಿ ಹೇಳಿ ಅಂದೆ. "ಅದೆಲ್ಲ ನಿಮಗೆ ಅರ್ಥ ಆಗಲ್ಲ ಮೇಡಂ." ಹೆಸರು ಬರೆದು ಕೊಡಿ ಸಾಕು ಅಂದೆ. "ಕಾಲೇಜ್ ಹುಡುಗ್ರು ಕಲಿಯೋಕೆ ಏನೇನೋ ಹೇಳ್ತಾರೆ. ನಿಮಗೆ ನೋವು ಹೋಯ್ತಾ ಇಲ್ವಾ? ಕೀವು ನಿಂತಿತಾ ಇಲ್ವಾ? ಮತ್ತೇನು?" ಮತ್ತೇನು ಅಂತಾರಲ್ಲ ರೀ! ಹೊರಗೆ ಕೂತಿದ್ದ ಪೇಷೆಂಟ್‌ಗಳೆಲ್ಲ ನನ್ನೇ ನೋಡ್ತಿದ್ರು, ನಾನೇ ಜಗಳಗಂಟಿ ಅನ್ನೋ ಥರ. ಬಿಲ್ ಕೇಳಿದ್ದಕ್ಕೆ ರಿಸೆಪ್ಷನ್ ಹುಡುಗಿ "ವಾಟ್ಸಾಪ್ ಮಾಡ್ತೀವಿ ಮೇಡಂ" ಅಂದ್ಲು.

ಕಾಲೇಜಲ್ಲಿ ಹಳೇ ಫಿಲ್ಲಿಂಗ್ ತೆಗೆದು ಮೇಲೆ ತುಂಬಿದ್ದನ್ನೆಲ್ಲ ಕೆರೆದು, ಬೇರಿನ ಬಾಯಿಗೆ ಎರಡು ಮಿಲಿಮೀಟರ್ ಸಿಮೆಂಟ್ ಮುಚ್ಚಳ ಹಾಕಿ, ಬ್ಲೀಚ್ ಮಾಡೋ ಸೋಡಿಯಂ ಪರ್ಬೋರೇಟ್ ಪುಡಿನ ನೀರಲ್ಲಿ ಕಲಸಿ ಹಲ್ಲಿನ ಒಳಗಿಟ್ಟು ಮುಚ್ಚಿದ್ರು. ವಾರಕ್ಕೊಂದು ಸಲ ಬದಲಾಯಿಸಿದ್ರು, ಮೂರು ಸಲ. ಕೊನೇ ಸಲ ತೆಗೆದ ತಕ್ಷಣ ಪರ್ಮನೆಂಟ್ ಫಿಲ್ಲಿಂಗ್ ಹಾಕ್ಲಿಲ್ಲ, ಬ್ಲೀಚ್ ಆದ ಹಲ್ಲಿಗೆ ಸರಿಯಾಗಿ ಅಂಟಲ್ಲ ಅಂತ ಎರಡು ವಾರ ಬಿಟ್ಟು ಹಾಕಿದ್ರು. ಎಲ್ಲಾ ಸೇರಿ ಆ ಕ್ಲಿನಿಕ್‌ನ ಒಂದು ಕ್ಲೀನಿಂಗ್‌ನಷ್ಟೂ ಖರ್ಚಾಗಲಿಲ್ಲ. ಇನ್ನೊಂದು ಮಾತು, ಆ ಮುಚ್ಚಳ ಹಾಕದೆ ಸ್ಟ್ರಾಂಗ್ ಪೆರಾಕ್ಸೈಡ್ ಇಟ್ಟು ಬಿಸಿ ಕೊಟ್ಟು ಬ್ಲೀಚ್ ಮಾಡಿದ್ರೆ ಮುಂದೆ ಹಲ್ಲಿನ ಬೇರೇ ಕರಗೋ ಅಪಾಯ ಇದೆಯಂತೆ, ಯಾರಾದ್ರೂ ಒಂದೇ ದಿನದಲ್ಲಿ ಬೆಳ್ಳಗೆ ಮಾಡ್ತೀನಿ ಅಂದ್ರೆ ಮುಚ್ಚಳ ಹಾಕ್ತೀರಾ ಅಂತ ಕೇಳಿ.

ಮಕ್ಕಳು ಬಿದ್ದು ಮುಂದಿನ ಹಲ್ಲು ಮುರ್ಕೊಂಡಿದ್ರೆ ಇನ್ನೂ ಹುಷಾರು. ಬೇರಿನ ತುದಿ ಬೆಳೆದಿರದ ಹಲ್ಲಿಗೆ ಎಂಟಿಎ ಅಂತ ಒಂದು ಥರದ ಸಿಮೆಂಟ್ ಹಾಕ್ತಾರೆ, ಅದರಲ್ಲಿರೋ ಬಿಸ್ಮತ್ ಆಕ್ಸೈಡ್ ಕಪ್ಪು ತಿರುಗುತ್ತೆ, ಬಿಳಿ ಎಂಟಿಎ ಅಂದ್ರೂ ತಿರುಗುತ್ತೆ. ಬಿಸ್ಮತ್ ಬದಲು ಜಿರ್ಕೋನಿಯಂ ಆಕ್ಸೈಡ್ ಇರೋ ಮೆಟೀರಿಯಲ್ ಇದಾವೆ, ಅದನ್ನ ಕೇಳಿ. ಮಿನೋಸೈಕ್ಲಿನ್ ಸೇರಿರೋ ಆಂಟಿಬಯಾಟಿಕ್ ಪೇಸ್ಟ್ ಕೂಡ ಬಣ್ಣ ಬಿಡುತ್ತೆ.

ಏನು ಹಾಕ್ತೀರಾ ಅಂತ ಮುಂಚೇನೇ ಹೆಸರು ಬರೆಸ್ಕೊಳಿ, ಮುಗಿದ ಮೇಲೆ ಎಕ್ಸ್‌ರೇ ತಗೊಂಡೇ ಎದ್ದು ಬನ್ನಿ, ಬಿಲ್ ಇಲ್ದೆ ಒಂದು ರೂಪಾಯಿ ಕೊಡ್ಬೇಡಿ. ದುಡ್ಡು ಕೊಟ್ಟು ತಗೊಳೋ ಚಿಕಿತ್ಸೆ ಗ್ರಾಹಕ ಕಾನೂನಿಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ಆದ್ರೆ ವಕೀಲರ ಮುಂದೆ ಕೂತಾಗ ಅವರು ಮೊದಲು ಕೈ ಚಾಚೋದು ಬಿಲ್‌ಗೆ, ನಾನು ತೋರಿಸಿದ್ದು ಯಾರದೋ ಹೆಸರಿಗೆ ಹೋದ ಎರಡು ಫೋನ್‌ಪೇ ಸ್ಕ್ರೀನ್‌ಶಾಟ್.

ಹಲ್ಲು ಈಗ ಮುಕ್ಕಾಲು ಭಾಗ ತಿಳಿಯಾಗಿದೆ, ಒಸಡಿನ ಹತ್ರ ಉಗುರಿನಷ್ಟು ಬೂದಿ ಬಣ್ಣ ಉಳ್ಕೊಂಡಿದೆ, ಅದು ಹೋಗೋದು ಡೌಟು ಅಂದಿದಾರೆ. ಕ್ಲಿನಿಕ್‌ಗೆ ಬಿಲ್ ಕಳ್ಸಿ ಅಂತ ಇದುವರೆಗೂ ಆರು ಮೆಸೇಜ್ ಹಾಕಿದೀನಿ. ಐದಕ್ಕೆ ಬ್ಲೂ ಟಿಕ್ ಬಂದಿದೆ. ಆರನೇದಕ್ಕೆ ಮೊನ್ನೆ ರಿಪ್ಲೈ ಬಂತು: "ನೀವು ಬೇರೆ ಕಡೆ ಹಲ್ಲು ತೆರೆಸಿದೀರಿ ಮೇಡಂ, ಇನ್ಮೇಲೆ ಅದು ನಮ್ಮ ಜವಾಬ್ದಾರಿ ಅಲ್ಲ."