‘ಇವತ್ತು ಅರಮನೆ ಬಂದ್’ ಅಂದರೆ ನಂಬಬೇಡಿ: ಬ್ಯಾಂಕಾಕ್‌ನಲ್ಲಿ ನಾವು ಮೋಸ ಹೋದದ್ದು

ಮುಂದಿನ ತಿಂಗಳು ನಮ್ಮ ಓಣಿಯ ಎರಡು ಮನೆಯವರು ಬ್ಯಾಂಕಾಕ್‌ಗೆ ಹೊರಟಿದ್ದಾರೆ. ಕಲಬುರಗಿಯಿಂದ ಹೈದರಾಬಾದ್ ತನಕ ರೈಲು, ಶಂಶಾಬಾದ್‌ನಿಂದ ನೇರ ವಿಮಾನ. ಮೊನ್ನೆ ಸಂಜೆ ಪಕ್ಕದ ಮನೆ ಹುಡುಗಿ ಬಂದು, “ಅಕ್ಕಾ, ನೀವು ಹೋಗಿ ಬಂದೀರಲ್ಲ, ಏನೇನು ನೋಡಬೇಕು ಹೇಳ್ರಿ” ಅಂದಳು. ನೋಡುವ ಜಾಗಗಳಿಗಿಂತ ಮೊದಲು ಹೇಳಬೇಕಾದ ಮಾತು ಒಂದಿತ್ತು. ಒಂದೂವರೆ ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ. ನಾಚಿಕೆ. ನಾನು ಬಾಯಿ ಮುಚ್ಚಿಕೊಂಡು ಕೂತದ್ದಕ್ಕೆ ನಮ್ಮ ಅಕ್ಕನ ಮಗನೂ ಅದೇ ಬಲೆಗೆ ಬಿದ್ದು ಬಂದ. ಅದಕ್ಕೇ ಈಗ ಎಲ್ಲಾ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಮದುವೆಯಾಗಿ 25 ವರ್ಷ ಆದದ್ದಕ್ಕೆ ಹೋಗಿದ್ದೆವು. ಐದು ದಿನ. ನನಗೆ ಮುಖ್ಯವಾಗಿ ನೋಡಬೇಕಿದ್ದದ್ದು ಒಂದೇ, ಗ್ರ್ಯಾಂಡ್ ಪ್ಯಾಲೇಸ್. 1782ರಲ್ಲಿ ಅಲ್ಲಿಯ ಮೊದಲನೇ ರಾಮ ಅನ್ನುವ ರಾಜ ಕಟ್ಟಿಸಲು ಶುರು ಮಾಡಿದ ಅರಮನೆ ಅದು. ಅದರ ಆವರಣದಲ್ಲೇ ಪಚ್ಚೆ ಬುದ್ಧನ ಗುಡಿ ಇದೆ. ಆ ಗುಡಿಯ ಸುತ್ತಲಿನ ಪಡಸಾಲೆಯ ಗೋಡೆಗಳ ಮೇಲೆ 178 ಚಿತ್ರಗಳಲ್ಲಿ ಅವರ ರಾಮಾಯಣ ಬರೆದಿದ್ದಾರೆ. ನಮ್ಮ ಅತ್ತೆಗೆ ಅದರ ಫೋಟೋ ತಂದು ತೋರಿಸುತ್ತೇನೆ ಅಂತ ಹೇಳಿ ಬಂದಿದ್ದೆ. ಬೇರೆ ಬೇರೆ ಮಾರ್ಕೆಟ್ಟು, ಮಾಲು ಸುತ್ತಿ, ಕೊನೆಯ ಪೂರ್ತಿ ದಿನವನ್ನು ಅರಮನೆಗೆ ಇಟ್ಟುಕೊಂಡೆವು. ಅದೇ ತಪ್ಪಾಯಿತು. ನೀವು ಹೋದರೆ ಮೊದಲನೇ ದಿನವೇ ನೋಡಿಬಿಡಿ.

ಬೆಳಿಗ್ಗೆ ಒಂಬತ್ತೂವರೆಗೆ ನದಿಯ ದೋಣಿಯಿಂದ ತಾ ಚಾಂಗ್ ಘಾಟಿನಲ್ಲಿ ಇಳಿದೆವು. ಅಲ್ಲಿಂದ ಅರಮನೆಯ ಬಿಳಿ ಗೋಡೆ ಕಾಣುತ್ತದೆ. ಗೋಡೆಗುಂಟ ನಡೆಯುತ್ತಿದ್ದಾಗ ಒಬ್ಬ ಎದುರಾದ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಗುರುತಿನ ಚೀಟಿಯಂಥದ್ದು. ನಗುತ್ತಾ ಕೈ ಮುಗಿದ. “ಇಂಡಿಯಾದವರಾ? ಅರಮನೆಗಾ? ಇವತ್ತು ಬೌದ್ಧರ ಪೂಜೆ ಇದೆ, ಮಧ್ಯಾಹ್ನ ಒಂದೂವರೆ ತನಕ ಬಂದ್” ಅಂತ ಇಂಗ್ಲಿಷಿನಲ್ಲಿ ಹೇಳಿದ. ನಮ್ಮ ಮುಖ ಬಾಡಿದ್ದು ನೋಡಿ ತಾನೇ ನಮ್ಮ ಮ್ಯಾಪ್ ತೆಗೆದುಕೊಂಡು ಪೆನ್ನಿನಿಂದ ಮೂರು ಸುತ್ತು ಹಾಕಿದ. ಒಂದು 32 ಮೀಟರ್ ಎತ್ತರದ ನಿಂತ ಬುದ್ಧ, ಒಂದು ಸಣ್ಣ ‘ಅದೃಷ್ಟದ ಬುದ್ಧ’, ಒಂದು ‘ಸರ್ಕಾರಿ’ ಹರಳಿನ ಅಂಗಡಿ. ಅಷ್ಟರಲ್ಲಿ ಒಂದು ಟುಕ್‌ಟುಕ್, ಅಂದರೆ ಅಲ್ಲಿಯ ಆಟೋ, ಬಂದು ನಿಂತಿತು. ಮೂರೂ ಜಾಗ ಸುತ್ತಿಸಿ ಒಂದೂವರೆಗೆ ವಾಪಸ್ ತಂದು ಬಿಡುವುದಕ್ಕೆ ಬರೀ 20 ಬಾತ್. ನಮ್ಮ ಲೆಕ್ಕದಲ್ಲಿ ಐವತ್ತು ರೂಪಾಯಿ ಚಿಲ್ಲರೆ.

ಅಷ್ಟು ದೊಡ್ಡ ಊರಿನಲ್ಲಿ ನಾಲ್ಕು ತಾಸು ಸುತ್ತಲು ಐವತ್ತು ರೂಪಾಯಿ ಸಾಕಾ ಅಂತ ಆಗಲೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ನಮ್ಮ ಕಡೆ ಹೊರಗಿನವರು ಬಂದೇ ನವಾಜ್ ದರ್ಗಾಕ್ಕೋ ಶರಣಬಸವೇಶ್ವರ ಗುಡಿಗೋ ದಾರಿ ಕೇಳಿದರೆ ಜೊತೆಗೇ ನಡೆದು ಹೋಗಿ ಬಿಟ್ಟು ಬರುವವರಿದ್ದಾರೆ. ಹಾಗೆ ಬೆಳೆದವರಿಗೆ ನಗುತ್ತಾ ಮಾತಾಡಿಸಿದವನ ಮೇಲೆ ಅನುಮಾನ ಬರುವುದಿಲ್ಲ.

ನಿಂತ ಬುದ್ಧನ ಗುಡಿ ನಿಜವಾಗಿಯೂ ಚೆನ್ನಾಗಿತ್ತು. ಅದರಲ್ಲಿ ಏನೂ ಮೋಸವಿಲ್ಲ. ಎರಡನೇ ಗುಡಿ ಸಣ್ಣದು, ಜನರೇ ಇರಲಿಲ್ಲ. ಅಲ್ಲಿ ಮೆಟ್ಟಿಲ ಮೇಲೆ ಒಬ್ಬ ಕೂತಿದ್ದ. ತಾನಾಗಿಯೇ ಮಾತಿಗೆ ಬರಲಿಲ್ಲ, ನಮ್ಮ ಮನೆಯವರೇ ಮೊದಲು ಮಾತಾಡಿಸಿದರು. ತಾನು ವಕೀಲ, ಹೆಂಡತಿಯ ಜೊತೆ ಪೂಜೆಗೆ ಬಂದಿದ್ದೇನೆ ಅಂದ. ಮಾತಿನ ಮಧ್ಯೆ, “ಇವತ್ತು ಹರಳಿಗೆ ಟ್ಯಾಕ್ಸ್ ಇಲ್ಲ, ವರ್ಷಕ್ಕೆ ಒಂದೇ ವಾರ, ಇವತ್ತು ಕೊನೆ ದಿನ. ನಾನೂ ತಗೊಂಡೆ. ನಿಮ್ಮ ದೇಶದಲ್ಲಿ ಮಾರಿದರೆ ಎರಡು ಪಟ್ಟು ಬರುತ್ತದೆ” ಅಂದ. ಅವನು ನಮಗೆ ಏನನ್ನೂ ಮಾರಲಿಲ್ಲ. ಹೇಳಿ ಎದ್ದು ಹೋದ. ಅದಕ್ಕೇ ನಂಬಿದೆವು.

ದಯವಿಟ್ಟು ಇದೊಂದನ್ನು ಗಮನಿಸಿ. ಅರಮನೆ ಹತ್ತಿರದವನು, ಟುಕ್‌ಟುಕ್‌ನವನು, ಗುಡಿಯ ವಕೀಲ, ಅಂಗಡಿಯವನು, ನಾಲ್ಕು ಜನ. ಒಬ್ಬರಿಗೊಬ್ಬರು ಗುರುತೇ ಇಲ್ಲದವರ ಹಾಗೆ ಇದ್ದರು. ನಾಲ್ಕು ಜನ ಬೇರೆ ಬೇರೆ ಕಡೆ ಒಂದೇ ಮಾತು ಹೇಳಿದರೆ ಯಾರಾದರೂ ನಿಜ ಅಂತಲೇ ತಿಳಿಯುತ್ತಾರೆ, ಅಲ್ವಾ? ಆಟ ಇರುವುದೇ ಅಲ್ಲಿ. ಅವರೆಲ್ಲ ಒಂದೇ ಸರಪಳಿ. ಗಿರಾಕಿಯನ್ನು ತಂದ ಗಾಡಿಯವನಿಗೆ ಅಂಗಡಿಯಿಂದ ಕಮಿಷನ್ ಇಲ್ಲವೇ ಪೆಟ್ರೋಲ್ ಕೂಪನ್ ಸಿಗುತ್ತದೆ. 20 ಬಾತ್‌ಗೆ ಊರು ಸುತ್ತಿಸುವುದು ಆ ಲೆಕ್ಕದ ಮೇಲೆ.

ಅಂಗಡಿ ಸುಮಾರಿನದಲ್ಲ. ಏಸಿ, ಗಾಜಿನ ಬಾಗಿಲು, ತಣ್ಣನೆ ನೀರು, ಗೋಡೆ ಮೇಲೆ ಚೌಕಟ್ಟು ಹಾಕಿದ ಪ್ರಮಾಣಪತ್ರಗಳು. ಥಾಯ್ಲೆಂಡ್‌ನಲ್ಲಿ ಚಂತಾಬುರಿ ಅನ್ನುವ ಊರು ಮಾಣಿಕ್ಯ, ನೀಲದ ವ್ಯಾಪಾರಕ್ಕೆ ನಿಜವಾಗಿಯೂ ಹೆಸರುವಾಸಿ. ಆ ನಿಜದ ಮೇಲೆ ಅವರ ಸುಳ್ಳು ನಿಂತಿದೆ. ಮಗಳ ಮದುವೆಗೆ ಓಲೆಗೆ ಆಗುತ್ತದೆ ಅಂತ ನಾನೇ ಆಸೆಪಟ್ಟೆ. ಒಂದು ಜೊತೆ ನೀಲದ ಹರಳು, 24,000 ಬಾತ್. ಅರವತ್ತು ಸಾವಿರ ರೂಪಾಯಿಗೂ ಜಾಸ್ತಿ. ಕಾರ್ಡ್ ಉಜ್ಜುವಾಗ ಮಶೀನಿನಲ್ಲಿ ‘ಬಾತ್ ಅಥವಾ ರೂಪಾಯಿ’ ಅಂತ ಬಂತು. ನಾವು ಓದುವ ಮೊದಲೇ ಅವನು ರೂಪಾಯಿ ಒತ್ತಿದ. ಅದರಲ್ಲೇ ಇನ್ನೂ ಮೂರು ಸಾವಿರದಷ್ಟು ಹೋಯಿತು. ಹೊರದೇಶದಲ್ಲಿ ಎಲ್ಲೇ ಕಾರ್ಡ್ ಕೊಟ್ಟರೂ ಆ ದೇಶದ ಹಣವನ್ನೇ ಆರಿಸಿ. ರೂಪಾಯಿ ಅಂದರೆ ಪರಿವರ್ತನೆಯ ದರವನ್ನು ನಿಮ್ಮ ಬ್ಯಾಂಕ್ ಅಲ್ಲ, ಅವರ ಕಡೆಯವರು ಹಾಕುತ್ತಾರೆ. ಮಶೀನನ್ನು ನಿಮ್ಮ ಕೈಗೆ ತೆಗೆದುಕೊಂಡು ನೀವೇ ಒತ್ತಿ.

ಹರಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೀಲ್ ಮಾಡಿ ಕೊಟ್ಟರು. ಊರಿಗೆ ಹೋಗುವ ತನಕ ಒಡೆಯಬೇಡಿ, ಒಡೆದರೆ ಗ್ಯಾರಂಟಿ ಇಲ್ಲ ಅಂದರು. ಅದು ಯಾಕೆ ಅಂತ ಆಗ ಹೊಳೆಯಲಿಲ್ಲ. ಒಡೆಯದಿದ್ದರೆ ಆ ಊರಿನಲ್ಲಿ ಬೇರೆ ಯಾರಿಗೂ ತೋರಿಸಲಾಗುವುದಿಲ್ಲ, ಅದಕ್ಕೆ.

ಅಲ್ಲಿಂದ ಟುಕ್‌ಟುಕ್‌ನವನು ಇನ್ನೊಂದು ಸೂಟಿನ ಅಂಗಡಿಗೂ ಕರೆದೊಯ್ದ. ಬೇಡ ಅಂದದ್ದಕ್ಕೆ ಮುಖ ಗಂಟಿಕ್ಕಿ, ದಾರಿಯಲ್ಲಿ ಇಳಿಸಿ ಹೋದ. ನಡೆದು, ಕೇಳಿ, ಅರಮನೆಯ ಗೇಟಿಗೆ ಮುಟ್ಟುವಾಗ 3 ಗಂಟೆ 40 ನಿಮಿಷ. ಟಿಕೆಟ್ ಕೊಡುವುದು ಮೂರೂವರೆಗೆ ನಿಲ್ಲುತ್ತದೆ. ಕಾವಲುಗಾರನಿಗೆ, “ಪೂಜೆ ಮುಗಿಯಿತಾ?” ಅಂತ ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಬೋರ್ಡಿನ ಕಡೆ ಕೈ ತೋರಿಸಿದ. ‘ದಿನಾಲೂ 8.30ರಿಂದ 3.30’. ಅಪರಿಚಿತರ ಮಾತು ನಂಬಬೇಡಿ ಅಂತಲೂ ಅಲ್ಲೇ ಬರೆದು ಹಾಕಿದ್ದಾರೆ. ಬೆಳಿಗ್ಗೆ ಇನ್ನು ಇನ್ನೂರು ಹೆಜ್ಜೆ ನಡೆದಿದ್ದರೆ ಅದನ್ನು ಓದುತ್ತಿದ್ದೆವು. ನನ್ನ ಕೈಕಾಲು ತಣ್ಣಗಾದವು.

ಆ ಹೊತ್ತಿನಲ್ಲಾದರೂ ಏನಾದರೂ ಮಾಡಬಹುದಿತ್ತು. ಅಲ್ಲಿ ಪ್ರವಾಸಿಗರಿಗೆ ಅಂತಲೇ ಬೇರೆ ಪೊಲೀಸರಿದ್ದಾರೆ. ನಂಬರ್ 1155, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ನಮಗೆ ಗೊತ್ತಿರಲಿಲ್ಲ. ಮರುದಿನ ಬೆಳಗಿನ ಜಾವ ವಿಮಾನ. ರೂಮಿನಲ್ಲಿ ಕೂತು, “ಅರಮನೆಯ ಮಾತು ಸುಳ್ಳಾದರೂ ಹರಳು ಖರೇ ಇರಬಹುದು” ಅಂತ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು. ಆ ನಂಬರನ್ನು ಈಗಲೇ ಫೋನಿನಲ್ಲಿ ಇಟ್ಟುಕೊಳ್ಳಿ. ಊರು ಬಿಟ್ಟ ಮೇಲೆ ದೂರು ಕೊಟ್ಟರೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಕಲಬುರಗಿಗೆ ಬಂದು ಸರಾಫ್ ಬಜಾರಿನಲ್ಲಿ ನಮ್ಮ ಮನೆಗೆ ಮೊದಲಿನಿಂದ ಬಂಗಾರ ಮಾಡಿಕೊಡುವ ಪತ್ತಾರ ಕಾಕಾಗೆ ತೋರಿಸಿದೆವು. ಕಣ್ಣಿಗೆ ಗಾಜು ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಹರಳು ಖೊಟ್ಟಿ ಅಲ್ಲವ್ವಾ. ರೇಟ್ ಖೊಟ್ಟಿ ಅದ” ಅಂದರು. ಬಣ್ಣ ಮಸಕು, ಒಳಗೆ ಬಿರುಕು, ಕೀಳು ದರ್ಜೆಯ ಮಾಲು. ಎಂಟು ಸಾವಿರಕ್ಕೂ ಯಾರೂ ತಗೊಳ್ಳುವುದಿಲ್ಲ ಅಂದರು. ನಾನು ಅಂಗಡಿಯವರ ಪ್ರಮಾಣಪತ್ರ ಮುಂದಿಟ್ಟೆ. ಅದರಲ್ಲಿ ಇದು ನೀಲ ಅಂತಷ್ಟೇ ಇತ್ತು. ಬೆಲೆಯ ಮಾತೇ ಇರಲಿಲ್ಲ. ಕಾರ್ಡಿನ ಬ್ಯಾಂಕಿಗೆ ಬರೆದೆವು. ಪಿನ್ ಹಾಕಿದವರು ನೀವೇ, ಮಾಲು ನಿಮ್ಮ ಕೈ ಸೇರಿದೆ, ನಾವು ಏನೂ ಮಾಡಲಾಗದು ಅಂದರು. ಹರಳು ಪೂರ್ತಿ ಸುಳ್ಳಾಗಿದ್ದರೆ ಹಿಡಿದು ಕೇಳಬಹುದಿತ್ತೇನೋ. ಕೀಳು ಹರಳನ್ನು ದುಬಾರಿಗೆ ಮಾರಿದರೆ, ನೀವೇ ಒಪ್ಪಿ ತಗೊಂಡಿರಿ ಅನ್ನುತ್ತಾರೆ.

ಅಕ್ಕನ ಮಗ ಹೋದದ್ದು ಇದಾದ ಎಂಟು ತಿಂಗಳಿಗೆ. ಅವನಿಗೂ ಅದೇ ಗೋಡೆ, ಅದೇ ‘ಬಂದ್’, ಅದೇ 20 ಬಾತ್. ಅವನು ಹರಳು ತಗೊಳ್ಳಲಿಲ್ಲ, ಎರಡು ಸೂಟ್ ಹೊಲಿಸಿಕೊಂಡ. ಒಂದೇ ಸಲ ತೊಟ್ಟದ್ದಕ್ಕೆ ಅದರ ಹೆಗಲು ಕಿತ್ತು ಬಂತು. “ಚಿಕ್ಕಮ್ಮಾ, ನೀವು ಒಂದು ಮಾತು ಹೇಳಿದ್ದರೆ…” ಅಂದ. ಅವನ ಮುಖ ನೋಡಲು ನನಗೆ ಆಗಲಿಲ್ಲ.

ಬ್ಯಾಂಕಾಕ್‌ಗೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಜನ ಒಳ್ಳೆಯವರು. ದಾರಿ ತಪ್ಪಿದಾಗ ನಮ್ಮನ್ನು ಗೇಟಿನ ತನಕ ಮುಟ್ಟಿಸಿದವಳೂ ಅಲ್ಲಿಯ ಒಬ್ಬ ಹಣ್ಣಿನ ಗಾಡಿಯವಳೇ. ರಾಜಮನೆತನದ ಸಮಾರಂಭಕ್ಕೆ ಅರಮನೆಯನ್ನು ಒಮ್ಮೊಮ್ಮೆ ಮುಚ್ಚುವುದೂ ಉಂಟು. ಅದನ್ನು ಅರಮನೆಯ ವೆಬ್‌ಸೈಟಿನಲ್ಲಿ ಹಾಕುತ್ತಾರೆ, ಹಿಂದಿನ ರಾತ್ರಿ ನೋಡಿಕೊಳ್ಳಿ. ರಸ್ತೆಯಲ್ಲಿ ಯಾರು ಏನೇ ಹೇಳಲಿ, ಟಿಕೆಟ್ ಕೊಡುವ ಕಿಟಕಿಯ ತನಕ ನೀವೇ ಹೋಗಿ. ಟಿಕೆಟ್ 500 ಬಾತ್. ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಇರಲಿ.

ನಮ್ಮಂಥ ಶಾಕಾಹಾರಿಗಳಿಗೆ ಇನ್ನೊಂದು ಮಾತು. ಬರೀ ತರಕಾರಿ ಅನ್ನ ಅಂದರೂ ಅದರಲ್ಲಿ ಮೀನಿನ ರಸ ಹಾಕುತ್ತಾರೆ. ‘ನಾಮ್ ಪ್ಲಾ’ ಅಂದರೆ ಅದೇ. ಅವರಿಗೆ ಅದು ಉಪ್ಪಿದ್ದಂತೆ, ಮಾಂಸದ ಲೆಕ್ಕಕ್ಕೇ ಬರುವುದಿಲ್ಲ. ಹಳದಿ ಬಟ್ಟೆಯ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಿ, ‘ಜೇ’ ಅಂತ ಕೇಳಿ. ಅಲ್ಲಿ ಮಾಂಸ, ಮೀನು, ಬೆಳ್ಳುಳ್ಳಿ ಯಾವುದೂ ಇರುವುದಿಲ್ಲ. ಜೊತೆಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇಟ್ಟುಕೊಳ್ಳಿ.

ಪಕ್ಕದ ಮನೆ ಹುಡುಗಿಗೆ ಇಷ್ಟೆಲ್ಲ ಹೇಳಿ ಮುಗಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ಕೂತು, “ಅಕ್ಕಾ, ಆ ರಾಮಾಯಣದ ಚಿತ್ರ ಕಡೀಗೆ ನೋಡಿದ್ರ್ಯಾ?” ಅಂದಳು.

ಇಲ್ಲ. ಹೊರಗಿನ ಬಿಳಿ ಗೋಡೆ ನೋಡಿದೆವು. ಅತ್ತೆ ಇವತ್ತಿಗೂ ಫೋಟೋ ಕೇಳುತ್ತಾರೆ. ನೀನು ತೆಗೆದುಕೊಂಡು ಬಾ ಅಂತ ಅವಳಿಗೆ ಹೇಳಿ ಕಳಿಸಿದೆ.